ಹಳೆ ಮೆಟ್ಟಿಲ ಅಳತೆಪಟ್ಟಿ

ನನಗೆ ಅನುಮಾನ ಹುಟ್ಟುಗುಣ. ಅಂಗಡಿಯವನು ನಕ್ಕರೆ ಅವನ ತಕ್ಕಡಿ ನೋಡುತ್ತೇನೆ. ಪಕ್ಕದ ಮನೆಯವರು ಕ್ಷೇಮ ವಿಚಾರಿಸಿದರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಯೋಚಿಸುತ್ತೇನೆ. ಭಾವ ನನಗೆ ಪೊಲೀಸಮ್ಮ ಎಂದೇ ಹೆಸರಿಟ್ಟಿದ್ದರು. ಅವರು ಹಾಗೆ ಕರೆದಾಗ ಮುಖ ಸಿಂಡರಿಸುತ್ತಿದ್ದೆನಾದರೂ ಒಳಗೊಳಗೇ ಖುಷಿ. ನನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ ಎಂಬ ಜಂಬ ನನಗಿತ್ತು.

ನನ್ನ ಕೆಲಸ ಬಂದರಿನ ನಕ್ಷೆ ಕೋಣೆಯಲ್ಲಿ. ಭಾವ ಅಳತೆ ದೋಣಿಯ ಯಜಮಾನ. ಅವರು ಹಡಗು ತಂದು ಕಟ್ಟುವ ಹೊಸ ಧಕ್ಕೆಯ ಉದ್ದಕ್ಕೂ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ನೀರಿನ ಆಳ ಅಳೆದು ತರುತ್ತಿದ್ದರು. ಸಮುದ್ರ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲವಲ್ಲ, ಉಬ್ಬರಕ್ಕೆ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಅದಕ್ಕೇ ಧಕ್ಕೆಯ ಗೋಡೆಗೆ ಕಪ್ಪು ಬಿಳಿ ಬಣ್ಣದ ಅಳತೆಪಟ್ಟಿಯೊಂದನ್ನು ಹೊಡೆದಿದ್ದರು. ಆ ಹೊತ್ತಿಗೆ ನೀರು ಪಟ್ಟಿಯಲ್ಲಿ ಎಲ್ಲಿಗೆ ಏರಿದೆಯೋ ಅಷ್ಟನ್ನು ಹಗ್ಗದ ಅಳತೆಯಿಂದ ಕಳೆದರೆ ಉಳಿಯುವುದೇ ನಿಜವಾದ ಆಳ. ಹಾಗೆ ಕಳೆದು, ಬಂದ ಅಂಕಿಯನ್ನು ಸಣ್ಣ ಅಕ್ಷರದಲ್ಲಿ ನಕ್ಷೆಯ ಮೇಲೆ ಬರೆಯುವವಳು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಭಾವನ ಜೊತೆ ದೋಣಿಯಲ್ಲೂ ಹೋಗುತ್ತಿದ್ದೆ. ನಾನು ಪಟ್ಟಿ ಓದಿ ಹೇಳಿದರೆ ಅವರು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಎರಡನೇ ಸಲ ಕೇಳಿದವರೇ ಅಲ್ಲ.

ಹತ್ತು ವರ್ಷದ ಹಿಂದೆ ನಮ್ಮ ಊರೆಂದರೆ ಕಲ್ಲುಬಂಡೆಯ ಮೇಲೆ ಕಟ್ಟಿದ ಮೀನುಗಾರರ ಮೆಟ್ಟಿಲು, ಅದರ ಬದಿಗೆ ನಾಲ್ಕು ಗೋದಾಮು, ಅಷ್ಟೇ. ಆದರೆ ದೊಡ್ಡ ಹಡಗುಗಳ ದಾರಿ ನಮ್ಮ ಮೂಗಿನ ಕೆಳಗೇ ಹಾದುಹೋಗುತ್ತಿತ್ತು. ಅದು ಯಾರಿಗೋ ಹೊಳೆಯಿತು. ಸಮುದ್ರಕ್ಕೆ ಮಣ್ಣು ತುಂಬಿ ಹೊಸ ಧಕ್ಕೆ ಕಟ್ಟಿದರು, ರೈಲುಹಳಿ ತಂದರು, ಒಂದು ಮೂಲೆಗೆ ಬೇಲಿ ಹಾಕಿ ನೌಕಾಪಡೆಗೆ ಕೊಟ್ಟರು. ಅರ್ಧ ಖಂಡದ ಸರಕು ಇನ್ನು ಇಲ್ಲೇ ಇಳಿಯುತ್ತದೆ, ಯುದ್ಧ ಬಂದರೆ ಈ ದಾರಿಯ ಬಾಗಿಲು ನಮ್ಮ ಕೈಯಲ್ಲಿರುತ್ತದೆ ಎಂದು ರೇಡಿಯೋದಲ್ಲಿ ದಿನಾ ಹೇಳುತ್ತಿದ್ದರು. ಪಕ್ಕದ ದೇಶದ ಹಳೆಯ ಬಂದರಿಗೆ ಹೊಟ್ಟೆಕಿಚ್ಚು ಹತ್ತಿತ್ತು. ಇಷ್ಟೆಲ್ಲ ನಿಂತಿದ್ದದ್ದು ನಾನು ಬರೆಯುವ ಅಂಕಿಯ ಮೇಲೆ. ಧಕ್ಕೆಯ ಬುಡದಲ್ಲಿ ಹದಿನಾರು ಮೀಟರ್ ನೀರಿದ್ದರೆ ದೊಡ್ಡ ಹಡಗು ನಮಗೆ ಬರುತ್ತದೆ, ಇಲ್ಲದಿದ್ದರೆ ಅವರಿಗೆ. ಹಾಗಾಗಿ ಆ ಅಂಕಿ ಗುಟ್ಟಿನದು, ಕೋಣೆಯ ಹೊರಗೆ ಅದನ್ನು ಬಾಯಿಬಿಡುವಂತಿರಲಿಲ್ಲ.

ಆ ಅಂಕಿ ಮಾತ್ರ ತಿಂಗಳು ತಿಂಗಳೂ ಇಳಿಯುತ್ತಿತ್ತು. ಹೂಳು ತುಂಬುತ್ತಿದೆ ಎಂದು ಹೂಳೆತ್ತುವ ಹಡಗನ್ನು ಕರೆಸಿದರು. ಗೋಡೆಯ ಬುಡವನ್ನು ಅವರು ಎರಡು ಸಲ ಅಗೆದು ಹೋದರು. ಅಗೆದ ಮಾರನೆಯ ತಿಂಗಳಿಂದ ಮತ್ತೆ ಇಳಿಯತೊಡಗಿತು. ಹಡಗಿನವರು ಅಗೆದ ಹಾಗೆ ನಾಟಕ ಮಾಡುತ್ತಾರೆ ಎಂದು ನಾವೆಲ್ಲ ಮಾತಾಡಿಕೊಂಡೆವು. ಅದನ್ನು ಮೊದಲು ಹೇಳಿದವಳು ನಾನೇ ಇರಬೇಕು. ನಾನು ಆಗ ಬಡಗಿಯ ಮೇಲೂ ಕೆಂಡ ಕಾರುತ್ತಿದ್ದೆ. ನಕ್ಷೆ ಕೋಣೆ ಇದ್ದದ್ದು ಹೊಸ ಧಕ್ಕೆಯ ಮೇಲೇ. ಬಾಗಿಲು ಕೂರಿಸಿ ವರ್ಷವಾಗಿಲ್ಲ, ನೆಲಕ್ಕೆ ಉಜ್ಜುತ್ತಿತ್ತು, ಭುಜ ಕೊಟ್ಟು ಎತ್ತಿ ಮುಚ್ಚಬೇಕು. ಮೇಜಿನ ಮೇಲಿಟ್ಟ ಪೆನ್ಸಿಲು ಸಮುದ್ರದ ಕಡೆಗೆ ಉರುಳುತ್ತಿತ್ತು. ಹಸಿ ಮರ ಹಾಕಿ ಮೋಸ ಮಾಡಿದ್ದಾನೆ ಎಂದು ಅವನ ಮೇಲೆ ಎರಡು ದೂರು ಬರೆದೆ. ಮೇಜಿನ ಕಾಲಿಗೆ ರಟ್ಟು ಮಡಚಿ ಕೊಟ್ಟೆ.

ನಾನಿದ್ದದ್ದು ಅಕ್ಕನ ಮನೆಯಲ್ಲೇ, ಬಂದರಿನವರು ಭಾವನಿಗೆ ಕೊಟ್ಟ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ತುಂಬ ಅಕ್ಕನ ಹೊಲಿಗೆ ಯಂತ್ರ, ಬಟ್ಟೆ. ಅವಳು ಹಡಗುಗಳಿಗೆ ಬಾವುಟ ಹೊಲಿಯುತ್ತಿದ್ದಳು. ನಾನು ನಕ್ಷೆ ಕೋಣೆಯಿಂದ ತಂದುಕೊಡುವ ದಪ್ಪ ಕಾಗದದ ಮೇಲೆ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಅಚ್ಚು ಕತ್ತರಿಸಿ, ಅದರ ಅಳತೆಗೆ ಬಟ್ಟೆ ಕತ್ತರಿಸುವುದು ಅವಳ ಕ್ರಮ. ಉದ್ಘಾಟನೆಗೆ ಮುನ್ನೂರು ಬಾವುಟ ಬೇಕಿತ್ತು. ಅಂದು ಮೊದಲ ದೊಡ್ಡ ಹಡಗು ಬರುವುದಿತ್ತು. ಧಕ್ಕೆಯ ಅಂಚಿನಲ್ಲಿ ಮೂರು ಭಾರಿ ಕ್ರೇನು ನಿಲ್ಲಿಸಿ, ಅದರ ಕೆಳಗೆ ಶಾಲೆಯ ಮಕ್ಕಳಿಂದ ಹಿಡಿದು ಮಂತ್ರಿಯವರೆಗೆ ಎಲ್ಲರನ್ನೂ ಕೂರಿಸುವ ಏರ್ಪಾಡು.

ಉದ್ಘಾಟನೆಗೆ ಮೂರು ವಾರ ಇದ್ದಾಗ ಪಕ್ಕದ ದೇಶದ ಪತ್ರಿಕೆಯಲ್ಲಿ ಸುದ್ದಿ ಬಂತು. ನಮ್ಮ ಬಂದರು ಹೂಳಿನಲ್ಲಿ ಮುಚ್ಚಿಹೋಗುತ್ತಿದೆಯಂತೆ, ದೊಡ್ಡ ಹಡಗುಗಳು ಹೋದರೆ ತಳ ಕೆಡಿಸಿಕೊಂಡು ಬರುತ್ತವಂತೆ. ಜೊತೆಗೆ ಜಾಗ ಜಾಗದ ಆಳದ ಅಂಕಿ, ಒಂದೂ ತಪ್ಪಿಲ್ಲದೆ. ನಾನು ನನ್ನ ಕೈಯಾರೆ ಬರೆದ ಅಂಕಿಗಳು. ಒಳಗಿನವರೇ ಯಾರೋ ಕೊಟ್ಟಿದ್ದಾರೆ.

ಎರಡು ದಿನಕ್ಕೆ ರಾಜಧಾನಿಯಿಂದ ಒಬ್ಬ ಬಂದ. ಹೆಸರು ಹೇಳಲಿಲ್ಲ, ಸೆಕೆಯಲ್ಲೂ ಬೂದು ಬಣ್ಣದ ಕೋಟು ಬಿಚ್ಚುತ್ತಿರಲಿಲ್ಲ, ಹಾಗಾಗಿ ನಮಗೆಲ್ಲ ಅವನು ಬೂದು ಕೋಟು. ನಮ್ಮ ಕಟ್ಟಡದ ಕೊನೆಯ ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆಸಿ ಟೀ ಕುಡಿಸುತ್ತಿದ್ದ. ಏನೂ ಗದರಿಸುವುದಿಲ್ಲ. ಬರೆದಾದ ಮೇಲೆ ಪೆನ್ಸಿಲನ್ನು ಮೇಜಿನ ಮೇಲಿಟ್ಟು ಅದಕ್ಕೆ ಟೀ ಲೋಟ ಅಡ್ಡ ಇಡುತ್ತಿದ್ದ. ನಿಮ್ಮ ಜೊತೆಯವರಲ್ಲಿ ಯಾರ ನಡವಳಿಕೆಯಾದರೂ ಬದಲಾಗಿದೆಯೇ ಎಂದು ನನ್ನನ್ನು ಕೇಳಿದ. ಇಲ್ಲ ಎಂದೆ. ಹೊರಗೆ ಬಂದ ಮೇಲೆ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಬಂದರಿನ ದೊಡ್ಡ ಸಾಹೇಬರು ಈಚೆಗೆ ಯಾಕೆ ಮೆತ್ತಗೆ ಮಾತಾಡುತ್ತಾರೆ? ಕಾವಲಿನವನಿಗೆ ಹೊಸ ಗಡಿಯಾರ ಎಲ್ಲಿಂದ ಬಂತು? ಹೀಗೆ ಒಬ್ಬೊಬ್ಬರನ್ನೇ ಜಾಲಿಸುತ್ತ ಹೋದವಳು ಭಾವನ ಹತ್ತಿರ ಬಂದು ನಿಂತೆ.

ಭಾವ ಬದಲಾಗಿದ್ದರು. ಊಟದ ಹೊತ್ತಿಗೆ ಸೈಕಲ್ ಹತ್ತಿ ಎಲ್ಲಿಗೋ ಹೋಗುತ್ತಿದ್ದರು. ಅಂಗಿಯ ಒಳಜೇಬಿನಲ್ಲಿ ಒಂದು ಕೆಂಪು ರಟ್ಟಿನ ಪುಸ್ತಕ. ನಾನು ಕೋಣೆಗೆ ಬಂದರೆ ಅದು ಜೇಬಿಗೆ ಹೋಗುತ್ತಿತ್ತು. ಏನದು ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಹುಷಾರಾಗಿಬಿಡುತ್ತಾರೆ ಎಂದು ನನ್ನ ಬುದ್ಧಿ ಹೇಳಿತು. ಒಂದು ದಿನ ಇಳಿತದ ಹೊತ್ತಿಗೆ ಅವರ ಹಿಂದೆಯೇ ಹೋದೆ.

ಅವರು ಮೊದಲು ಹೊಸ ಧಕ್ಕೆಯ ಅಂಚಿಗೆ ಹೋಗಿ ಬಗ್ಗಿ ನೋಡಿದರು, ಬರೆದುಕೊಂಡರು. ಅಲ್ಲಿಂದ ಸೈಕಲ್ ತುಳಿದುಕೊಂಡು ಹಳೆಯ ಮೀನುಗಾರರ ಮೆಟ್ಟಿಲಿಗೆ. ಅಲ್ಲಿ ಕುಕ್ಕರುಗಾಲಲ್ಲಿ ಕೂತು ಮತ್ತೆ ಬರೆದರು. ಅಷ್ಟರಲ್ಲಿ ಹೂಳೆತ್ತುವ ಹಡಗಿನ ಮೇಸ್ತ್ರಿ ಬಂದ. ಅವನು ಪಕ್ಕದ ದೇಶದವನು. ಭಾವ ಪುಸ್ತಕ ಬಿಚ್ಚಿ ಅವನಿಗೆ ತೋರಿಸಿದರು. ಅವನು ಬೆರಳಿಟ್ಟು ಓದಿದ, ತಲೆಯಾಡಿಸಿದ, ಒಂದು ಮಡಚಿದ ಕಾಗದ ಭಾವನ ಕೈಗಿಟ್ಟ. ನಾನು ಬಲೆಗಳ ರಾಶಿಯ ಹಿಂದೆ ನಿಂತು ಎಲ್ಲವನ್ನೂ ನೋಡಿದೆ.

ಆ ಸಂಜೆ ಭಾವ ಎಂದಿನಂತೆ ನಗುತ್ತ, ಪೊಲೀಸಮ್ಮನಿಗೆ ಇವತ್ತು ಎಷ್ಟು ಕಳ್ಳರು ಸಿಕ್ಕರು ಎಂದು ಕೇಳಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಅಕ್ಕ ಯಂತ್ರದ ಮುಂದೆ ಕೂತು ಹಾಡು ಗುನುಗುತ್ತಿದ್ದಳು. ಇವರನ್ನು ಹಿಡಿದುಕೊಟ್ಟರೆ ಈ ಮನೆ ಹೋಗುತ್ತದೆ, ಅಕ್ಕನ ಬದುಕು ಬೀದಿಗೆ ಬೀಳುತ್ತದೆ, ಗೊತ್ತಿತ್ತು. ಬಾಯಿ ಮುಚ್ಚಿಕೊಂಡರೆ ಇಡೀ ಊರಿನ ಬಾಯಿಗೆ ಮಣ್ಣು ಬೀಳುತ್ತದೆ, ಅದೂ ಗೊತ್ತಿತ್ತು. ಸತ್ಯ ಹೇಳಬೇಕೆಂದರೆ, ನನ್ನ ಮನೆಯಲ್ಲೇ ಕೂತು ನನ್ನ ಕಣ್ಣು ತಪ್ಪಿಸಿದರಲ್ಲ ಎಂಬ ಸಿಟ್ಟು ಎರಡಕ್ಕಿಂತ ಹೆಚ್ಚಾಗಿತ್ತು. ಬೆಳಿಗ್ಗೆ ಹೋಗಿ ಬೂದು ಕೋಟಿಗೆ ಕಂಡದ್ದನ್ನೆಲ್ಲ ಹೇಳಿದೆ. ಉಪ್ಪುಖಾರ ಹಚ್ಚಲಿಲ್ಲ, ಏನನ್ನೂ ಬಿಡಲೂ ಇಲ್ಲ.

ಮಧ್ಯಾಹ್ನದೊಳಗೆ ಭಾವನನ್ನು ದೋಣಿಯಿಂದಲೇ ಕರೆದುಕೊಂಡು ಹೋದರು. ಮನೆ ಜಾಲಾಡಿದರು. ಕೆಂಪು ಪುಸ್ತಕ ಸಿಗಲಿಲ್ಲ. ಉದ್ಘಾಟನೆ ಆದ ಮರುದಿನ ಮನೆ ಖಾಲಿ ಮಾಡಬೇಕು ಎಂಬ ಚೀಟಿ ಬಂತು. ಅಕ್ಕ ಅಳಲಿಲ್ಲ. ಹೊಲಿಗೆ ನಿಲ್ಲಿಸಲೂ ಇಲ್ಲ. ಯಾರು ಇವರ ಮೇಲೆ ಕತ್ತಿ ಮಸೆದವರು ಎಂದು ಒಮ್ಮೆ ಕೇಳಿ, ಉತ್ತರಕ್ಕೆ ಕಾಯದೆ ದಾರ ಪೋಣಿಸಿದಳು. ನಾನು ಒಳಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಐದನೆಯ ದಿನ, ಉದ್ಘಾಟನೆಗೆ ಇನ್ನು ನಾಲ್ಕೇ ದಿನ ಉಳಿದಿದ್ದಾಗ, ಅಕ್ಕ ನನ್ನನ್ನು ಕರೆದು ಕೈಗೆ ಆ ಕೆಂಪು ಪುಸ್ತಕ ಇಟ್ಟಳು. ಬಾವುಟದ ಹೊಲಿದ ಅಂಚಿನೊಳಗೆ ಬಚ್ಚಿಟ್ಟಿದ್ದಳಂತೆ.

"ಅವರನ್ನ ಹಿಡ್ಕೊಂಡು ಹೋಗೋ ಹಿಂದಿನ ರಾತ್ರೀನೇ ನಿಮ್ಮ ಭಾವ ಕೊಟ್ಟಿದ್ರು ಕಣೇ. ನನಗೇನಾದ್ರೂ ಆದ್ರೆ ಅವಳ ಕೈಗೆ ಕೊಡು, ಅಂಕಿ ಅವಳಿಗೆ ಅರ್ಥ ಆಗುತ್ತೆ, ಅವಳೊಬ್ಬಳನ್ನ ನಂಬಬಹುದು ಅಂದ್ರು. ನನಗೆ ಕೊಡೋಕೆ ಧೈರ್ಯ ಬರ್ಲಿಲ್ಲ, ನೀನೂ ಸಿಕ್ಕಿಹಾಕ್ಕೊಳ್ತೀಯ ಅಂತ."

ಪುಸ್ತಕ ಬಿಚ್ಚಿದೆ. ಆಳದ ಅಂಕಿ ಒಂದೂ ಇರಲಿಲ್ಲ. ಹತ್ತು ತಿಂಗಳ ತಾರೀಖು, ಪ್ರತಿ ತಾರೀಖಿಗೂ ಎರಡು ಅಂಕಿ. ಒಂದರ ಮೇಲೆ 'ಹೊಸ ಧಕ್ಕೆ', ಇನ್ನೊಂದರ ಮೇಲೆ 'ಹಳೆ ಮೆಟ್ಟಿಲು'. ಇಳಿತ ಮುಗಿದು ಉಬ್ಬರ ಶುರುವಾಗುವ ಮುಂಚೆ ನೀರು ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲುತ್ತದೆ. ಆ ಹೊತ್ತಿನೊಳಗೆ ಎರಡೂ ಕಡೆಯ ಅಳತೆಪಟ್ಟಿ ಓದಿ ಬರೆದಿದ್ದರು. ಹೊಸ ಪಟ್ಟಿ ಹೊಡೆದದ್ದೇ ಹಳೆ ಮೆಟ್ಟಿಲಿನ ಪಟ್ಟಿಯ ಮಟ್ಟಕ್ಕೆ. ಸಮುದ್ರ ಒಂದೇ, ಹೊತ್ತೂ ಒಂದೇ, ಎರಡು ಅಂಕಿಯೂ ಒಂದೇ ಇರಬೇಕು. ಮೊದಲ ತಿಂಗಳು ಒಂದು ಬೆರಳು ವ್ಯತ್ಯಾಸ. ಆಮೇಲೆ ಎರಡು, ಮೂರು. ಹೂಳೆತ್ತಿದ ಹಡಗು ಹೋದ ಮೇಲೆ ಪ್ರತಿ ಸಲವೂ ಒಮ್ಮೆಲೇ ಜಾಸ್ತಿ. ಈಗ ಒಂದು ಗೇಣು.

ಹಳೆ ಮೆಟ್ಟಿಲು ಬಂಡೆಯ ಮೇಲಿದೆ, ಅದು ಅಲ್ಲಾಡುವುದಿಲ್ಲ. ತುಂಬಿದ ಮಣ್ಣಿನ ಮೇಲೆ ನಿಂತ ಹೊಸ ಧಕ್ಕೆಯೇ ಕುಸಿಯುತ್ತಿತ್ತು. ಗೋಡೆಯ ಜೊತೆ ಅಳತೆಪಟ್ಟಿಯೂ ನೀರಿಗಿಳಿದು, ನೀರು ಏರಿದಂತೆ ಕಾಣುತ್ತಿತ್ತು. ನಾನು ತಿಂಗಳು ತಿಂಗಳೂ ಹೆಚ್ಚು ಕಳೆದು, ಆಳ ಕಡಿಮೆಯಾಗಿದೆ ಎಂದು ಬರೆದಿದ್ದೆ. ಹೂಳೇ ಇರಲಿಲ್ಲ. ಇಲ್ಲದ ಹೂಳೆತ್ತಲು ಗೋಡೆಯ ಬುಡವನ್ನೇ ಅಗೆಸಿದ್ದೆವು. ಮೇಸ್ತ್ರಿ ಕೊಟ್ಟ ಕಾಗದವೂ ಅದರಲ್ಲೇ ಇತ್ತು. ತಾವು ಅಗೆದ ಆಳ ಇಷ್ಟು, ಇನ್ನು ಅಗೆದರೆ ಗೋಡೆ ನಿಲ್ಲುವುದಿಲ್ಲ ಎಂದು ಸಹಿ ಹಾಕಿ ಬರೆದಿದ್ದ. ಕೊನೆಯ ಹಾಳೆಯಲ್ಲಿ ಭಾವನ ಅಕ್ಷರ: ದೊಡ್ಡ ಸಾಹೇಬರಿಗೆ ಮೂರು ಸಲ ಹೇಳಿದ್ದೇನೆ, ಉದ್ಘಾಟನೆ ಮುಗಿಯಲಿ ಎನ್ನುತ್ತಾರೆ.

ಉಜ್ಜುವ ಬಾಗಿಲು, ಉರುಳುವ ಪೆನ್ಸಿಲು. ಊರಲ್ಲಿದ್ದವರನ್ನೆಲ್ಲ ಅನುಮಾನಿಸಿದವಳಿಗೆ ಕಾಲ ಕೆಳಗಿನ ನೆಲದ ಮೇಲೆ ಅನುಮಾನ ಬಂದಿರಲಿಲ್ಲ. ಬಡಗಿಯ ನೆನಪಾಗಿ ನಾಚಿಕೆಯಾಯಿತು. ಭಾವನನ್ನು ನೆನೆದಾಗ ಆದದ್ದಕ್ಕೆ ನಾಚಿಕೆ ಎಂಬ ಮಾತು ಸಾಲದು.

ಪುಸ್ತಕ ಹಿಡಿದು ಬೂದು ಕೋಟಿನ ಕೋಣೆಗೆ ಓಡಿದೆ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಪುಸ್ತಕವನ್ನು ನನ್ನ ಕಡೆಗೇ ತಳ್ಳಿದ.

"ಅಮ್ಮಾ, ಅಂಕಿ ಮಾರಿದವನು ಬರೆದ ಅಂಕಿಯನ್ನ ನಾನು ಯಾರಿಗೆ ತೋರಿಸ್ಲಿ? ಉದ್ಘಾಟನೆ ಕೆಡಿಸೋಕೆ ಇದೂ ಪಕ್ಕದವರ ಆಟ ಅಂತಾರೆ. ಅವನು ಒಪ್ಪಿಕೊಂಡಿದ್ದಾನೆ. ನಾಲ್ಕು ದಿನ ಬಾಯಿ ಬಿಡ್ಲಿಲ್ಲ, ಇದನ್ನ ತೋರಿಸಿದ ಕೂಡ್ಲೇ ನಾನೇ ಅಂದ."

ಅವನು ಮುಂದಿಟ್ಟದ್ದು ಒಂದು ಫೋಟೋ. ಪಕ್ಕದ ದೇಶದ ಪತ್ರಿಕೆಗೆ ಸಿಕ್ಕಿದ ಮೂಲ ಕಾಗದದ ಚಿತ್ರವಂತೆ. ನನ್ನ ನಕ್ಷೆಯೇ, ಮೂಲೆಯಲ್ಲಿ ಶಾಯಿ ಚೆಲ್ಲಿ ಕೆಟ್ಟ ಹಾಳೆ. ಅದರ ಒಂದು ಅಂಚು ಮೀನಿನ ಬಾಲದ ಹಾಗೆ ಕವಲಾಗಿ ಕತ್ತರಿಸಿತ್ತು. ಅಂಚಿನ ಗುಂಟ ನೀಲಿ ಸೀಮೆಸುಣ್ಣದ ಗೆರೆ.

ಅದು ಕವಲು ಬಾವುಟದ ಅಚ್ಚು. ಕೆಟ್ಟ ನಕ್ಷೆಗಳನ್ನು ಹರಿದು ಸುಡುವ ಪೆಟ್ಟಿಗೆಗೆ ಹಾಕಬೇಕು ಎಂಬುದು ನಮ್ಮ ಕೋಣೆಯ ನಿಯಮ. ಅಂಥ ಗಟ್ಟಿ ಕಾಗದ ಸುಡಲು ನನಗೆ ಮನಸ್ಸಾಗದೆ, ಎರಡು ವರ್ಷದಿಂದ ಸುರುಳಿ ಸುತ್ತಿ ಅಕ್ಕನಿಗೆ ತಂದುಕೊಡುತ್ತಿದ್ದೆ. ಅವಳು ಅಚ್ಚು ಹಳತಾದ ಮೇಲೆ ಅದರಲ್ಲೇ ಬಾವುಟ ಸುತ್ತಿ ಹಡಗುಗಳಿಗೆ ಕಳಿಸುತ್ತಿದ್ದಳು, ಯಾವ ದೇಶದ ಹಡಗಾದರೂ ಸರಿ. ಫೋಟೋ ನೋಡಿದ ಕೂಡಲೇ ಭಾವನಿಗೆ ಅದು ಯಾರ ಅಕ್ಷರ, ಯಾರ ಗೆರೆ ಎಂದು ಗೊತ್ತಾಗಿಬಿಟ್ಟಿರಬೇಕು. ಹೆಂಡತಿ ಮತ್ತು ನಾದಿನಿ ಇಬ್ಬರ ಪಾಲಿನದನ್ನೂ ತಲೆ ಮೇಲೆ ಹೊತ್ತುಕೊಂಡು ನಾನೇ ಎಂದಿದ್ದರು. ಅವರನ್ನು ಹಿಡಿದುಕೊಟ್ಟವಳು ಯಾರು ಎಂಬುದೂ ಅವರಿಗೆ ಆಗ ಗೊತ್ತಿತ್ತು ಎಂದು ನನಗೆ ಅನಿಸುತ್ತದೆ.

ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ನನ್ನ ಕೆಲಸ ಉಳಿಯುತ್ತಿತ್ತು, ಬಹುಮಾನವೂ ಸಿಗುತ್ತಿತ್ತೇನೋ. ನಾಲ್ಕು ದಿನ ಕಳೆದ ಮೇಲೆ ಆ ಕ್ರೇನುಗಳ ಕೆಳಗೆ ಮಕ್ಕಳು ಬಾವುಟ ಬೀಸುತ್ತ ಕೂತಿರುತ್ತಿದ್ದರು.

"ಈ ಕಾಗದ ಹೊರಗೆ ತಗೊಂಡು ಹೋಗಿದ್ದು ನಾನು," ಎಂದೆ. "ಮಾರಿಲ್ಲ. ಅಕ್ಕನಿಗೆ ಬಾವುಟ ಕತ್ತರಿಸೋಕೆ ಕೊಟ್ಟೆ. ಮನೆಗೆ ಬನ್ನಿ, ಇನ್ನೂ ಇಪ್ಪತ್ತು ಹಾಳೆ ಇದೆ. ಭಾವ ಯಾರಿಗೂ ಏನೂ ಕೊಟ್ಟಿಲ್ಲ. ಅವರ ಪುಸ್ತಕ ಸುಳ್ಳು ಅನ್ನೋದಾದ್ರೆ ಆ ಲೋಟ ಒಂದು ಸಲ ಎತ್ತಿ."

ಅವನು ನನ್ನನ್ನು ದಿಟ್ಟಿಸಿದ. ಆಮೇಲೆ ಪೆನ್ಸಿಲಿಗೆ ಅಡ್ಡವಿದ್ದ ಟೀ ಲೋಟ ಎತ್ತಿದ. ಪೆನ್ಸಿಲು ಸಮುದ್ರದ ಕಡೆಗೆ ಉರುಳಿ ಕೆಳಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಎದ್ದು ಹೋಗಿ ಬಾಗಿಲು ಮುಚ್ಚಿ ನೋಡಿದ, ಅದು ನೆಲಕ್ಕೆ ಉಜ್ಜಿತು. ನಂತರ ನನ್ನ ಮುಂದೆ ಬಿಳಿ ಹಾಳೆ ಇಟ್ಟು, ಹೇಳಿದ್ದನ್ನೆಲ್ಲ ಬರೆಯಿರಿ ಎಂದ. ನಕ್ಷೆಯ ಮೇಲೆ ಬರೆಯುವಷ್ಟೇ ಸಣ್ಣ, ಸ್ಪಷ್ಟ ಅಕ್ಷರದಲ್ಲಿ ಬರೆದುಕೊಟ್ಟೆ.

ಉದ್ಘಾಟನೆ ಮುಂದಕ್ಕೆ ಹೋಯಿತು. ಮಂತ್ರಿಗೆ ಆರೋಗ್ಯ ಸರಿಯಿಲ್ಲ ಎಂದು ರೇಡಿಯೋದಲ್ಲಿ ಹೇಳಿದರು. ಕ್ರೇನುಗಳನ್ನು ಬಿಚ್ಚಿ ಹಿಂದಕ್ಕೆ ಸಾಗಿಸಿದರು. ದೊಡ್ಡ ಸಾಹೇಬರಿಗೆ ಏನೂ ಆಗಲಿಲ್ಲ, ಬೇರೆ ಕಚೇರಿಗೆ ಹೋದರು. ನನ್ನ ಕೆಲಸ ಹೋಯಿತು, ಹೋಗಬೇಕಾದದ್ದೇ. ಭಾವ ಮನೆಗೆ ಬಂದರು. ಅಕ್ಕನಿಗೆ ನಾನೇ ಎಲ್ಲವನ್ನೂ ಹೇಳಿದ್ದೆ. ಅವಳು ಎರಡು ದಿನ ನನ್ನ ತಟ್ಟೆ ಹಾಕಲಿಲ್ಲ, ಮೂರನೆಯ ದಿನ ಹಾಕಿದಳು. ಭಾವನ ಮುಂದೆ ನಿಂತು ತಪ್ಪಾಯಿತು ಎಂದೆ. ಅವರು ಕೇಳಿದ್ದು ಒಂದೇ ಮಾತು.

"ನನ್ನನ್ನೇ ಒಂದು ಸಲ ಕೇಳಬಹುದಿತ್ತಲ್ಲಮ್ಮ."

ಧಕ್ಕೆ ಇನ್ನೂ ಎಷ್ಟು ಕುಸಿಯುತ್ತದೆ ಎಂದು ನೋಡಲು ಈಗ ದಿನಾ ಎರಡೂ ಕಡೆ ಓದಬೇಕು. ಭಾವನಿಗೆ ಕಣ್ಣು ಮೊದಲಿನಷ್ಟು ಚುರುಕಿಲ್ಲ, ದೋಣಿಗೆ ಬೇರೆ ಆಳು ಕೊಟ್ಟಿಲ್ಲ. ಒಂದು ದಿನ ಅವರು ಸೈಕಲ್ ಹೊರತೆಗೆದು, ಬರ್ತೀಯಾ ಎಂದು ಕೇಳಿದರು. ಹಿಂದೆ ಕೂತು ಹೋದೆ. ಹಳೆ ಮೆಟ್ಟಿಲಲ್ಲಿ ನೀರು ಅಲ್ಲಾಡದೆ ನಿಂತಿತ್ತು. ನಾನು ಕೊನೆಯ ಮೆಟ್ಟಿಲಿಗೆ ಇಳಿದು ಅಳತೆಪಟ್ಟಿ ಓದಿ ಅಂಕಿ ಹೇಳಿದೆ. ಭಾವ ಪುಸ್ತಕ ಬಿಚ್ಚಿ ಪೆನ್ಸಿಲು ಹಿಡಿದಿದ್ದರು. ಬರೆಯಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಕಷ್ಟಪಟ್ಟು ಎರಡು ಮೆಟ್ಟಿಲು ಇಳಿದು ಬಂದರು, ನನ್ನ ಪಕ್ಕದಲ್ಲಿ ಬಗ್ಗಿ, ಕಣ್ಣು ಕಿರಿದು ಮಾಡಿ ನೀರನ್ನು ತಾವೂ ಒಮ್ಮೆ ನೋಡಿದರು. ಆಮೇಲೆ ನಾನು ಹೇಳಿದ ಅಂಕಿಯನ್ನೇ ಬರೆದುಕೊಂಡರು.